ಕೊನೆಯ ಕಂತು ಎಲ್ಲಿ ಕೈಕೊಟ್ಟಿತು?

ಈ ಸಲ ಬಂದ ಓದುಗರ ಪ್ರಶ್ನೆಗಳಲ್ಲಿ ಹೆಚ್ಚಿನವು ಧಾರಾವಾಹಿಗಳ ಮುಕ್ತಾಯದ ಬಗ್ಗೆಯೇ. ಸಂಜೆ ಟಿವಿ ಮುಂದೆ ಕೂರುವವರೂ ಕೇಳಿದ್ದಾರೆ, ಮೊಬೈಲಿನಲ್ಲಿ ಇಂಗ್ಲಿಷ್ ಸೀರೀಸ್ ನೋಡುವವರೂ ಕೇಳಿದ್ದಾರೆ. ಉತ್ತರಗಳಲ್ಲಿ ಕೆಲವು ಕಥೆಗಳ ಅಂತ್ಯವನ್ನು ಬಿಚ್ಚಿ ಹೇಳಬೇಕಾಗಿದೆ. ಇನ್ನೂ ನೋಡದವರು ಆ ಭಾಗ ಬಿಟ್ಟು ಮುಂದೆ ಹೋಗಬಹುದು.

ನಾಲ್ಕು ವರ್ಷ ತಪ್ಪದೆ ನೋಡಿದ ಧಾರಾವಾಹಿ ಒಂದೇ ವಾರದಲ್ಲಿ ಮುಗಿದೇಹೋಯಿತು. ಅತ್ತಿಗೆಯ ಹಾಲಿಗೆ ವಿಷ ಬೆರೆಸಿದ ನಾದಿನಿ ಕಾಲಿಗೆ ಬಿದ್ದಳು, ಎಲ್ಲರೂ ಕ್ಷಮಿಸಿದರು, ಒಂದು ಗ್ರೂಪ್ ಫೋಟೋ, ಶುಭಂ. ಇಷ್ಟು ವರ್ಷ ಕೂತು ನೋಡಿದ ನಾವು ಎಂತ ಮಾಡಬೇಕು ಮಾರಾಯ್ರೇ?
— ಕಟಪಾಡಿಯ ಗೃಹಿಣಿ

ನಿಮ್ಮ ಬೇಸರಕ್ಕೆ ಲೆಕ್ಕದಲ್ಲೇ ಕಾರಣ ಇದೆ. ಅರ್ಧ ಗಂಟೆಯ ಸ್ಲಾಟಿನಲ್ಲಿ ಜಾಹೀರಾತು ಕಳೆದರೆ ಕಥೆಗೆ ಸಿಗುವುದು 20ರಿಂದ 22 ನಿಮಿಷ. ಅದರಲ್ಲಿ ಹಿಂದಿನ ದಿನದ ತುಣುಕು, ನಾಳೆಯ ತುಣುಕು ಹೋದರೆ ಉಳಿಯುವುದು ಏಳೆಂಟು ದೃಶ್ಯ. ಐದು ದಿನಕ್ಕೆ ಹೆಚ್ಚೆಂದರೆ 40 ದೃಶ್ಯ. ನಾಲ್ಕು ವರ್ಷ ನಡೆದ ಕಥೆಯಲ್ಲಿ ಕಡಿಮೆಯೆಂದರೂ ಆರು ಎಳೆಗಳು ಬಾಕಿ ಇರುತ್ತವೆ: ನಾಯಕಿಯ ಹುಟ್ಟಿನ ಗುಟ್ಟು, ಆಸ್ತಿ ಪತ್ರ, ಮೈದುನನ ಮದುವೆ, ಹೀಗೆ. ಒಂದು ಎಳೆ ನೆಟ್ಟಗೆ ಮುಗಿಯಬೇಕಾದರೆ ಸತ್ಯ ಹೊರಗೆ ಬರುವ ದೃಶ್ಯ ಬೇಕು, ಅದನ್ನು ಕೇಳಿದವರು ಒಬ್ಬೊಬ್ಬರಾಗಿ ಅರಗಿಸಿಕೊಳ್ಳುವ ದೃಶ್ಯಗಳು ಬೇಕು, ಮನೆಯಲ್ಲಿ ಅದರಿಂದ ಏನು ಬದಲಾಯಿತು ಎಂದು ತೋರಿಸುವ ದೃಶ್ಯವೂ ಬೇಕು. ಒಂದೊಂದಕ್ಕೆ ಎಂಟು ದೃಶ್ಯ ಎಂದರೆ ಆರಕ್ಕೆ 48. ಅಲ್ಲಿಗೇ ವಾರ ಸಾಲದಾಯಿತು.

ವಾರಕ್ಕೆ ಇಳಿಯುವುದು ಯಾಕೆಂದರೆ, ಎಷ್ಟು ಜನ ನೋಡಿದರೆಂದು ಹೇಳುವ, ಗುರುವಾರ ಗುರುವಾರ ಬರುವ ಬಾರ್ಕ್ ರೇಟಿಂಗ್ ಸತತವಾಗಿ ಇಳಿದರೆ ವಾಹಿನಿ ಆ ಸ್ಲಾಟನ್ನು ಹೊಸ ಧಾರಾವಾಹಿಗೆ ಕೊಡುತ್ತದೆ. ತಂಡಕ್ಕೆ ಅದು ತಿಳಿಯುವ ಹೊತ್ತಿಗೆ ಕೆಲವು ದಿನಗಳ ಕಂತು ಆಗಲೇ ಶೂಟ್ ಆಗಿರುತ್ತದೆ. ಅದರಲ್ಲಿ ಹೊಸ ಜಗಳವೊಂದು ಆಗ ತಾನೇ ಶುರುವಾಗಿರುತ್ತದೆ! ಮುಗಿಸಲು ಉಳಿದ ದಿನಗಳಲ್ಲಿ ಅರ್ಧ ಆ ಜಗಳ ಆರಿಸುವುದಕ್ಕೇ ಹೋಗುತ್ತದೆ. ಒಬ್ಬ ಮುಖ್ಯ ಕಲಾವಿದರ ಡೇಟ್ ಸಿಗದಿದ್ದರಂತೂ ಅವರ ಎಳೆ ಒಂದು ಫೋನ್ ಕರೆಯಲ್ಲಿ ಮುಗಿಯುತ್ತದೆ.

ಖಳನಾಯಕಿ ಕಾಲಿಗೆ ಬೀಳುವುದೂ ಇದೇ ಕಾರಣಕ್ಕೆ. ಶಿಕ್ಷೆ ಕೊಡಿಸಬೇಕಾದರೆ ಸಾಕ್ಷಿ, ಪೊಲೀಸ್, ಹೊಸ ಲೊಕೇಶನ್, ಹೊಸ ಕಲಾವಿದರು, ಎಲ್ಲವೂ ಬೇಕು. ಪಶ್ಚಾತ್ತಾಪಕ್ಕೆ ಅದೇ ಹಾಲ್, ಅದೇ ದೇವರ ಕೋಣೆ, ಮೂರು ನಿಮಿಷ ಸಾಕು. ಕ್ಷಮೆ ತಪ್ಪಲ್ಲ. ಅದಕ್ಕೆ ಅವಳು ಏನನ್ನೂ ತೆರದೇ ಇದ್ದದ್ದು ತಪ್ಪು. ಅದೇ ನಾದಿನಿ ತಾನೇ ಠಾಣೆಗೆ ಹೋಗಿ ಒಪ್ಪಿಕೊಂಡಿದ್ದರೆ, ಅಥವಾ ಅತ್ತಿಗೆ ಕ್ಷಮಿಸಿದರೂ ಅವಳು ಕೊಟ್ಟ ಹಾಲಿನ ಲೋಟವನ್ನು ಮುಟ್ಟದೆ ಪಕ್ಕಕ್ಕಿಟ್ಟಿದ್ದರೆ, ಅದೇ ಮೂರು ನಿಮಿಷದಲ್ಲಿ ನಾಲ್ಕು ವರ್ಷದ ಭಾರ ಕಾಣುತ್ತಿತ್ತು. ಇದಕ್ಕೆ ಖರ್ಚೂ ಇಲ್ಲ, ಲೋಟ ಸೆಟ್ಟಿನಲ್ಲೇ ಇತ್ತು.

ನೀವು ಮಾಡಬಹುದಾದ್ದು ಒಂದಿದೆ. ಮುಕ್ತಾಯದ ಸುದ್ದಿ ಬಂದ ದಿನವೇ ವಾಹಿನಿಗೆ ಬರೆಯಿರಿ, ಯಾವ ಎರಡು ಎಳೆ ಸರಿಯಾಗಿ ಮುಗಿಯಲೇಬೇಕು ಎಂದು ಹೆಸರು ಹಿಡಿದು ಹೇಳಿ. ಕೊನೆಯ ಕಂತು ಪ್ರಸಾರವಾದ ಮೇಲೆ ಬರೆದರೆ ಸೆಟ್ಟೇ ಬಿಚ್ಚಿರುತ್ತಾರೆ.

‘ಗೇಮ್ ಆಫ್ ಥ್ರೋನ್ಸ್’ ಕೊನೆ ಹಾಳು ಎಂದು ಎಲ್ಲರೂ ಹೇಳುತ್ತಾರೆ. ನನಗೆ ಮಾತ್ರ, ಸಿಂಹಾಸನಕ್ಕಾಗಿ ಹೋರಾಡುವ ರಾಣಿ ಡೆನೇರಿಸ್ ಊರು ಸುಡುವುದೂ ಹುಡುಗ ಬ್ರಾನ್ ರಾಜನಾಗುವುದೂ ಕಥೆಯ ದೃಷ್ಟಿಯಿಂದ ತಪ್ಪು ಅನ್ನಿಸುವುದಿಲ್ಲ. ಆದರೂ ನೋಡಿ ಮುಗಿಸಿದಾಗ ಖುಷಿಯಾಗಲಿಲ್ಲ. ಯಾಕಿರಬಹುದು?
— ಮಣಿಪಾಲದ ವಿದ್ಯಾರ್ಥಿ

ನಿಮ್ಮ ಅನುಮಾನ ಸರಿ. ಕೆಟ್ಟದ್ದು ಅಂತ್ಯವಲ್ಲ, ಅಲ್ಲಿಗೆ ಹೋದ ದಾರಿ. ಮೊದಲ ಆರು ಸೀಸನ್ನುಗಳಲ್ಲಿ ತಲಾ 10 ಕಂತು ಇತ್ತು. ಏಳನೆಯದರಲ್ಲಿ 7, ಎಂಟನೆಯದರಲ್ಲಿ 6. ಒಟ್ಟು 73. ಕೊನೆಯ ಕಂತುಗಳು ಉದ್ದ ಇದ್ದವು, ನಿಜ, ಆದರೆ ಆ ಉದ್ದ ಯುದ್ಧಗಳಿಗೆ ಹೋಯಿತು. ಮನಸ್ಸು ಬದಲಾಗುವುದಕ್ಕೆ ಬೇಕಾದ ಮೌನದ ದೃಶ್ಯಗಳಿಗೆ ಸಿಗಲಿಲ್ಲ. ಕೊನೆಯಿಂದ ಎರಡನೆಯ ಕಂತಿನಲ್ಲಿ ಶರಣಾಗತಿಯ ಗಂಟೆ ಬಾರಿಸುತ್ತದೆ, ಡೆನೇರಿಸ್ ಗೆದ್ದಾಗಿದೆ, ಆಮೇಲೆ ಊರಿಗೆ ಬೆಂಕಿ ಹಾಕುತ್ತಾಳೆ. ಅವಳ ಕ್ರೌರ್ಯದ ಬೀಜ ಮೊದಲಿನಿಂದಲೂ ಇತ್ತು. ಆದರೆ ಹಿಂದೆ ಅದು ಹೆಚ್ಚಾಗಿ ತಪ್ಪು ಮಾಡಿದವರ ಮೇಲೆ ಬಿದ್ದಿತ್ತು. ಶರಣಾದ ಊರಿನ ಮೇಲೆ ಬೀಳುವುದು ಬೇರೆಯೇ ಮಾತು. ಆ ಎರಡರ ನಡುವಿನ ಮೆಟ್ಟಿಲುಗಳನ್ನು ನಮಗೆ ತೋರಿಸಲಿಲ್ಲ.

ಬ್ರಾನ್ ವಿಷಯ ಇನ್ನೂ ಸುಲಭ. ಐದನೇ ಸೀಸನ್ನಿನ ಹತ್ತೂ ಕಂತುಗಳಲ್ಲಿ ಅವನು ಒಮ್ಮೆಯೂ ಕಾಣಿಸಿಕೊಂಡಿಲ್ಲ. ಸಿಂಹಾಸನ ಏರುವವನನ್ನು ವರ್ಷವಿಡೀ ಮರೆತ ಕಥೆ, ಕೊನೆಗೆ ಒಂದು ಭಾಷಣದಲ್ಲಿ ಅವನನ್ನು ಆರಿಸಿದರೆ ನಮಗೆ ಅದು ಸುದ್ದಿಯಂತೆ ಕೇಳುತ್ತದೆ.

ನಮ್ಮ ಕಡೆಯವರಿಗೆ ಇದು ಹೊಸದಲ್ಲ. ರಾತ್ರಿಯಿಡೀ ನಡೆಯುತ್ತಿದ್ದ ಯಕ್ಷಗಾನದ ಆಟವನ್ನು ಕಾಲಮಿತಿಗೆ ಇಳಿಸುವಾಗ ಎಲ್ಲಿ ಕತ್ತರಿ ಹಾಕಬೇಕು ಎನ್ನುವುದು ಹಾಡಿ ಆಟ ನಡೆಸುವ ಭಾಗವತರಿಗೆ ದೊಡ್ಡ ಪರೀಕ್ಷೆ. ಕರ್ಣಪರ್ವವನ್ನೇ ತೆಗೆದುಕೊಳ್ಳಿ. ಸರ್ಪಾಸ್ತ್ರ ಗುರಿ ತಪ್ಪುತ್ತದೆ, ತೊಟ್ಟ ಬಾಣವನ್ನು ಮತ್ತೆ ತೊಡಲಾರೆ ಎಂದು ಕರ್ಣ ಹೇಳುತ್ತಾನೆ, ಸಾರಥಿ ಶಲ್ಯ ರಥ ಬಿಟ್ಟು ಇಳಿಯುತ್ತಾನೆ. ಸಮಯ ಸಾಲದೆಂದು ಮೊದಲಿನ ಶಲ್ಯ-ಕರ್ಣರ ಮಾತುಗಾರಿಕೆಯನ್ನೇ ಹಾರಿಸಿದರೆ, ಶಲ್ಯ ಇಳಿಯುವಾಗ ಒಬ್ಬ ವೇಷಧಾರಿ ರಂಗದಿಂದ ಹೋದ ಹಾಗೆ ಅಷ್ಟೆ. ಆ ಮಾತು ಇದ್ದರೆ ಕರ್ಣ ಒಬ್ಬಂಟಿಯಾದದ್ದು ಎದೆಗೆ ತಾಗುತ್ತದೆ. ಕರ್ಣ ಸಾಯುತ್ತಾನೆಂದು ಗೊತ್ತಿದ್ದೇ ಜನ ಬೆಳಗಿನವರೆಗೆ ಕೂತಿರುತ್ತಿದ್ದರು. ಅಂತ್ಯ ಮೊದಲೇ ತಿಳಿದರೆ ಸ್ವಾರಸ್ಯ ಹೋಗುತ್ತದೆ ಎಂಬ ಮಾತನ್ನು ಹಾಗಾಗಿ ನಾವು ಒಪ್ಪುವುದಿಲ್ಲ.

ಬರೀ ಒಂದು ಕಪ್ಪು ಪರದೆ ತೋರಿಸಿ ‘ದಿ ಸೊಪ್ರಾನೋಸ್’ ಮುಗಿಸಿದ್ದಾರೆ. ಇದು ಪ್ರೇಕ್ಷಕರಿಗೆ ಮಾಡಿದ ಮೋಸ ಅಲ್ಲವೇ?
— ಕದ್ರಿಯ ಓದುಗರು

2007ರ ಜೂನ್ 10ರಂದು ಅಮೆರಿಕದಲ್ಲಿ ಅದನ್ನು ನೋಡಿದ ಅನೇಕರು ಕೇಬಲ್ ಹೋಯಿತೆಂದೇ ತಿಳಿದಿದ್ದರು. ಮೋಸ ಎನ್ನುವ ಮೊದಲು ಆ ಕೊನೆಯ ಕೆಲವು ನಿಮಿಷವನ್ನು ಇನ್ನೊಮ್ಮೆ ಕಿವಿಗೊಟ್ಟು ನೋಡಿ. ಕಥೆಯ ನಾಯಕ, ಮಾಫಿಯಾ ದೊರೆ ಟೋನಿ ಹೋಟೆಲಿನಲ್ಲಿ ಕೂತಿದ್ದಾನೆ. ಬಾಗಿಲಿಗೆ ಒಂದು ಗಂಟೆ ಕಟ್ಟಿದೆ. ಯಾರಾದರೂ ಒಳಬಂದರೆ ಗಂಟೆ ಸದ್ದು, ಟೋನಿ ತಲೆಯೆತ್ತುವುದು, ಬಂದವರು ಯಾರೆಂದು ಕಾಣುವುದು. ಇದೇ ಕ್ರಮ ಮರುಕಳಿಸುತ್ತದೆ. ಹೆಂಡತಿ ಬರುತ್ತಾಳೆ, ಮಗ ಬರುತ್ತಾನೆ. ಹೊರಗೆ ಮಗಳು ಕಾರು ನಿಲ್ಲಿಸಲು ಪರದಾಡುತ್ತಿದ್ದಾಳೆ. ಕೊನೆಗೆ ಗಂಟೆ ಸದ್ದಾಗುತ್ತದೆ, ಟೋನಿ ತಲೆಯೆತ್ತುತ್ತಾನೆ, ಆಮೇಲೆ ಕಪ್ಪು. ಸದ್ದೂ ಇಲ್ಲ. ಹೆಸರುಗಳು ಬರುವಾಗಲೂ ಸಂಗೀತ ಇಲ್ಲ.

ಅಂದರೆ ಆ ಕಪ್ಪನ್ನು ಓದುವುದು ಹೇಗೆಂದು ದೃಶ್ಯವೇ ನಮಗೆ ಕಲಿಸಿತ್ತು. ಗುಂಡು ತಾಗಿತೋ ಇಲ್ಲವೋ ಎನ್ನುವುದನ್ನು ಬಿಟ್ಟುಬಿಡಿ. ಇವನು ಬದುಕಿರುವಷ್ಟು ದಿನ ಪ್ರತಿ ಬಾಗಿಲ ಸದ್ದಿಗೂ ಹೀಗೆ ತಲೆಯೆತ್ತಲೇಬೇಕು ಎನ್ನುವುದು ಅಲ್ಲಿ ಸ್ಪಷ್ಟವಾಗಿದೆ. ತೆರೆದಿಟ್ಟ ಅಂತ್ಯಕ್ಕೂ ಅರ್ಧಕ್ಕೆ ಬಿಟ್ಟ ಅಂತ್ಯಕ್ಕೂ ವ್ಯತ್ಯಾಸ ಇಲ್ಲಿದೆ. ಮೊದಲನೆಯದರಲ್ಲಿ ಘಟನೆ ಗೊತ್ತಾಗದಿದ್ದರೂ ಮನುಷ್ಯ ಏನಾದ ಎಂದು ಗೊತ್ತಾಗುತ್ತದೆ. ಎರಡನೆಯದರಲ್ಲಿ ಎರಡೂ ಗೊತ್ತಾಗುವುದಿಲ್ಲ, ಮುಂದಿನ ಸೀಸನ್ ಸಿಕ್ಕೀತೆಂಬ ಆಸೆಯಲ್ಲಿ ಗಂಟು ಹಾಗೇ ಬಿಟ್ಟಿರುತ್ತಾರೆ. ಮೋಸ ಎಂಬ ಮಾತು ಅದಕ್ಕೆ ಸಲ್ಲುತ್ತದೆ.

ದೂರದರ್ಶನದ ‘ರಾಮಾಯಣ’ ಪಟ್ಟಾಭಿಷೇಕದಲ್ಲಿ ಮುಗಿದ ನೆನಪು. ಆಮೇಲೆ ಲವಕುಶರ ಕಥೆಯೂ ಬಂತು. ಯಾವುದು ನಿಜವಾದ ಮುಕ್ತಾಯ?
— ಕುಂದಾಪುರದ ನಿವೃತ್ತ ಶಿಕ್ಷಕರು

ನಿಮ್ಮ ನೆನಪು ಸರಿಯಾಗಿದೆ, ಸರ್. 1987ರ ಜನವರಿಯಿಂದ 1988ರ ಜುಲೈವರೆಗೆ 78 ಕಂತು. ಉತ್ತರಕಾಂಡ ಬೇಕೆಂದು ಜನರ ಒತ್ತಾಯ ಬಂದ ಮೇಲೆ ‘ಉತ್ತರ ರಾಮಾಯಣ’ ಬೇರೆಯಾಗಿ ಬಂತು. ಎರಡೂ ನಿಜವಾದ ಮುಕ್ತಾಯವೇ. ರಾಮ ಊರಿಗೆ ಮರಳುವನೇ ಎಂಬುದು ಪ್ರಶ್ನೆಯಾದರೆ ಪಟ್ಟಾಭಿಷೇಕ ಉತ್ತರ. ಸೀತೆಗೆ ನ್ಯಾಯ ಸಿಕ್ಕಿತೇ ಎಂಬುದು ಪ್ರಶ್ನೆಯಾದರೆ ಪಟ್ಟಾಭಿಷೇಕದಲ್ಲಿ ಮಂಗಳ ಹಾಡುವ ಹಾಗಿಲ್ಲ.

ಅಂತ್ಯವನ್ನು ಮೊದಲೇ ಬರೆದಿಟ್ಟುಕೊಂಡು ಶುರುಮಾಡುವುದು ಒಳ್ಳೆಯದಲ್ಲವೇ?
— ಕಾರ್ಕಳದ ಓದುಗರು

ಎಲ್ಲಿಗೆ ಹೋಗಬೇಕೆಂದು ಗೊತ್ತಿರಲಿ, ಬಾಗಿಲಿಗೆ ಬೀಗ ಹಾಕಬೇಡಿ. ‘ಹೌ ಐ ಮೆಟ್ ಯುವರ್ ಮದರ್’ನಲ್ಲಿ ಟೆಡ್ ತನ್ನ ಮಕ್ಕಳಿಗೆ ಅವರ ತಾಯಿ ಸಿಕ್ಕಿದ ಕಥೆ ಹೇಳುತ್ತಾನೆ. ಅದರ ತಂಡ ಮಕ್ಕಳ ಕೊನೆಯ ದೃಶ್ಯವನ್ನು 2006ರಲ್ಲೇ, ಎರಡನೇ ಸೀಸನ್ನಿನ ಹೊತ್ತಿಗೆ ಚಿತ್ರೀಕರಿಸಿ ಇಟ್ಟಿತ್ತು. ಮಕ್ಕಳ ಪಾತ್ರ ಮಾಡಿದವರು ಬೆಳೆದುಬಿಡುತ್ತಾರಲ್ಲ, ಅದಕ್ಕೆ. ಪ್ರಸಾರವಾದದ್ದು 2014ರ ಮಾರ್ಚ್ 31ರಂದು. ನಡುವಿನ ವರ್ಷಗಳಲ್ಲಿ ಟೆಡ್ ಮತ್ತು ರಾಬಿನ್ ಜೋಡಿಯಾಗಲಾರರು ಎಂದು ಕಥೆಯೇ ಮತ್ತೆ ಮತ್ತೆ ಸಾಧಿಸಿ ತೋರಿಸಿತ್ತು. ಕೊನೆಯ ಸೀಸನ್ ಹೆಚ್ಚುಕಡಿಮೆ ಪೂರ್ತಿ ರಾಬಿನ್-ಬಾರ್ನಿ ಮದುವೆಯ ಒಂದೇ ವಾರಾಂತ್ಯದಲ್ಲಿ ನಡೆಯುತ್ತದೆ. ಆ ಮದುವೆ ಕೊನೆಯ ಕಂತಿನಲ್ಲಿ ನಿಮಿಷಗಳಲ್ಲಿ ಮುರಿಯುತ್ತದೆ, ತಾಯಿಯೂ ತೀರಿಕೊಂಡಿರುತ್ತಾಳೆ. ರಾಬಿನ್ ಹತ್ತಿರ ಹೋಗು ಎಂದು ಮಕ್ಕಳು ಅಪ್ಪನಿಗೆ ಹೇಳುವ ಆ ಹಳೆಯ ಟೇಪಿಗೆ ಎಲ್ಲವೂ ಹೊಂದಬೇಕಿತ್ತು.

ಗೆಳೆಯರು ಸೇರಿ ಎಂಟು ಕಂತಿನ ವೆಬ್ ಸೀರೀಸ್ ಮಾಡುತ್ತಿದ್ದೇವೆ, ತಲಾ 30 ನಿಮಿಷ. ಮೀನುಗಾರಿಕೆಗೆ ಹೋಗಿ ನಾಪತ್ತೆಯಾದ ಅಣ್ಣನನ್ನು ತಮ್ಮ ಹುಡುಕುವ ಕಥೆ. ಕ್ಲೈಮ್ಯಾಕ್ಸ್ ಸಮುದ್ರ ತೀರದಲ್ಲಿ. ಕೊನೆಯ ಕಂತು ಕೆಡದ ಹಾಗೆ ಬರೆಯುವುದು ಹೇಗೆ?
— ಸುರತ್ಕಲ್‌ನ ಯುವಕರು

ಮೊದಲು ಒಂದು ಸಾಲದ ಪಟ್ಟಿ ಮಾಡಿ. ಒಂದೊಂದು ಚೀಟಿಯಲ್ಲಿ ಒಂದೊಂದು ಭರವಸೆ: ಪ್ರೇಕ್ಷಕನ ತಲೆಯಲ್ಲಿ ನೀವು ಹುಟ್ಟಿಸಿದ ಪ್ರಶ್ನೆ, ಎರಡು ಪಾತ್ರಗಳ ನಡುವೆ ಬಾಕಿ ಉಳಿದ ಮಾತು, ಕ್ಯಾಮೆರಾ ಹತ್ತಿರ ಹೋಗಿ ತೋರಿಸಿದ ವಸ್ತು. ಎಡಕ್ಕೆ ಸಾಲ ಮಾಡಿದ ಕಂತಿನ ಸಂಖ್ಯೆ, ಬಲಕ್ಕೆ ತೀರಿಸುವ ಕಂತಿನ ಸಂಖ್ಯೆ. ಬಲಗಡೆ ‘8’ ಇರುವ ಚೀಟಿ ನಾಲ್ಕಕ್ಕಿಂತ ಹೆಚ್ಚಾದರೆ ಕೆಲವನ್ನು ಐದು, ಆರು, ಏಳಕ್ಕೆ ಹಿಂದೂಡಿ. ಆರನೇ ಕಂತಿನ ನಂತರ ಹೊಸ ಪಾತ್ರ ಬೇಡ, ಹೊಸ ಗುಟ್ಟೂ ಬೇಡ. ಕೊನೆಯಲ್ಲಿ ಬರುವ ಅಪರಿಚಿತನೊಬ್ಬ ‘ನಿಮ್ಮ ಅಣ್ಣ ಹೀಗಾದ’ ಎಂದು ಹೇಳಿಬಿಟ್ಟರೆ ತಮ್ಮ ಏಳು ಕಂತು ಅಲೆದದ್ದಕ್ಕೆ ಅರ್ಥವಿಲ್ಲ. ಉತ್ತರ ತಮ್ಮನ ಕೈಯಿಂದಲೇ ಸಿಗಬೇಕು, ಅವನು ಎರಡನೇ ಕಂತಿನಲ್ಲಿ ಕಂಡೂ ಗಮನಿಸದೆ ಬಿಟ್ಟದ್ದರಿಂದ ಸಿಕ್ಕರೆ ಇನ್ನೂ ಒಳ್ಳೆಯದು.

ದೊಡ್ಡ ಸ್ಫೋಟವನ್ನು ಏಳನೇ ಕಂತಿಗೆ ತನ್ನಿ. ‘ಬ್ರೇಕಿಂಗ್ ಬ್ಯಾಡ್’ನ 62 ಕಂತುಗಳಲ್ಲಿ, ಮಾದಕವಸ್ತು ತಯಾರಿಸುವ ಮೇಷ್ಟ್ರು ವಾಲ್ಟರನ ಮನೆ ಮುರಿದು ಬೀಳುವುದು 60ನೆಯದರಲ್ಲಿ. ಹಾಗಾಗಿ ಕೊನೆಯ ಕಂತಿನಲ್ಲಿ ಅವನಿಗೆ ಹೆಂಡತಿಯ ಎದುರು ನಿಂತು, ಇದೆಲ್ಲ ಮನೆಯವರಿಗಾಗಿ ಅಲ್ಲ, ನನಗಾಗಿಯೇ ಮಾಡಿದ್ದು ಎಂದು ಒಪ್ಪಿಕೊಳ್ಳುವ ಬಿಡುವು ಸಿಕ್ಕಿತು. ಮನೆಯವರಿಗಾಗಿ ಎನ್ನುವುದು ಅವನು ಮೊದಲ ಸೀಸನ್ನಿನಿಂದ ಹೇಳುತ್ತಿದ್ದ ಸುಳ್ಳು.

ಚಿತ್ರಕಥೆಯ ಒಂದು ಪುಟ ಸುಮಾರು ಒಂದು ನಿಮಿಷ. ಎಂಟನೇ ಕಂತಿನ 30 ಪುಟದಲ್ಲಿ ತಮ್ಮನಿಗೆ ಸತ್ಯ ತಿಳಿಯುವುದು 20ನೇ ಪುಟದೊಳಗೆ ಆಗಲಿ. ಉಳಿದ ಹತ್ತು ಪುಟವನ್ನು ಆ ಸತ್ಯ ಹೊತ್ತುಕೊಂಡು ಅವನು ಮನೆಗೆ ಹೋಗುವುದಕ್ಕೆ ಇಡಿ. ಹೊಸಬರು ಕೈಯಾರೆ ಕೆಡಿಸುವುದು ಇದನ್ನೇ, 28ನೇ ಪುಟದಲ್ಲಿ ಗುಟ್ಟು ಬಿಚ್ಚಿ ಎರಡು ಪುಟದಲ್ಲಿ ಎಲ್ಲರನ್ನೂ ಅಳಿಸುತ್ತಾರೆ. ಅಮ್ಮನಿಗೆ ಹೇಳುವ ದೃಶ್ಯದಲ್ಲಿ ಮಾತು ಕಡಿಮೆ ಮಾಡಿ, ಕೆಲಸ ಕೊಡಿ. 1983ರ ಫೆಬ್ರವರಿ 28ರಂದು ಪ್ರಸಾರವಾದ ‘ಮ್ಯಾಶ್’ನ ಎರಡೂವರೆ ಗಂಟೆಯ ಮುಕ್ತಾಯ ಸಿಕ್ಕರೆ ನೋಡಿ. ಗೆಳೆಯನಿಗೆ ‘ಗುಡ್‌ಬೈ’ ಹೇಳಲು ಕೊನೆವರೆಗೂ ಬಾಯಿ ಬಾರದ, ಯುದ್ಧಭೂಮಿಯ ಆಸ್ಪತ್ರೆಯ ವೈದ್ಯ ಬಿಜೆ, ಅದೇ ಪದವನ್ನು ನೆಲದ ಮೇಲೆ ಕಲ್ಲುಗಳಲ್ಲಿ ಬರೆದಿಟ್ಟಿರುತ್ತಾನೆ. ಹೆಲಿಕಾಪ್ಟರ್ ಮೇಲೇರಿದಾಗ ಗೆಳೆಯನಿಗೆ ಅದು ಕಾಣುತ್ತದೆ. ನಿಮ್ಮ ಕಥೆಯಲ್ಲಿ ಬಲೆ ಇದೆ, ಅಣ್ಣನ ಊಟದ ಬುತ್ತಿ ಇದ್ದೀತು. ಅಮ್ಮ ದಿನಾ ತೊಳೆದು ಕವುಚಿಡುತ್ತಿದ್ದ ಬುತ್ತಿಯನ್ನು ಒಳಗೆ ಎತ್ತಿಟ್ಟರೆ ಅವಳಿಗೆ ತಿಳಿಯಿತೆಂದು ನಮಗೂ ತಿಳಿಯುತ್ತದೆ.

ಶೂಟಿಂಗ್ ಬಗ್ಗೆಯೂ ಹೇಳಲೇಬೇಕು. ಎಲ್ಲರೂ ಕೊನೆಯ ದೃಶ್ಯವನ್ನು ಶೆಡ್ಯೂಲಿನ ಕೊನೆಗೆ ಇಡುತ್ತಾರೆ. ಅಷ್ಟರಲ್ಲಿ ಹಣ ಮುಗಿದಿರುತ್ತದೆ, ಕಲಾವಿದರು ಸೋತಿರುತ್ತಾರೆ. ಮೊದಲ ವಾರ ಒಬ್ಬರಿಗೊಬ್ಬರು ಹೊಂದಿಕೊಳ್ಳಲಿ, ಎರಡನೇ ವಾರದಲ್ಲೇ ಕ್ಲೈಮ್ಯಾಕ್ಸ್ ತೆಗೆದುಬಿಡಿ. ಕಡಲಿನ ಕೆಲಸ ಏನಿದ್ದರೂ ಮೇ ಮಧ್ಯದೊಳಗೆ ಮುಗಿಯಬೇಕು. ಮಳೆಗಾಲದಲ್ಲಿ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಇಲ್ಲ, ತೀರದಲ್ಲೂ ಅಲೆ ನಂಬುವ ಹಾಗಿಲ್ಲ. ಸೂರ್ಯ ಮುಳುಗುವ ಬೆಳಕು ಬೇಕೆಂದರೆ ನಿಮಗೆ ದಿನಕ್ಕೆ ಸಿಗುವುದು ಇಪ್ಪತ್ತು ನಿಮಿಷ ಅಂದುಕೊಳ್ಳಿ. ಮೂರು ಸಂಜೆ ಇಟ್ಟುಕೊಳ್ಳಿ, ಮೊದಲನೆಯ ಸಂಜೆ ಕ್ಯಾಮೆರಾ ಇಲ್ಲದೆ ನಾಲ್ಕು ಗಂಟೆಗೇ ಹೋಗಿ ತಮ್ಮ ನಿಲ್ಲುವ ಜಾಗಕ್ಕೆ ಒಂದು ಕೋಲು ನೆಟ್ಟು ಬನ್ನಿ. ನೀರು ಎಲ್ಲಿಯವರೆಗೆ ಏರುತ್ತದೆ ಎಂದು ಆ ಕೋಲೇ ಹೇಳುತ್ತದೆ.