ಡಿಗ್ರಿ ಮುಗಿಯಿತು, ಸೇವೆ ಮಾಡುವ ಆಸೆ ಇದೆ. ಎನ್‌ಜಿಒ ಸೇರಲಾ, ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮಾಡಲಾ, ಟೀಚರ್ ಆಗಲಾ? ಯಾವುದರಲ್ಲಿ ಸೇವೆ ಜಾಸ್ತಿ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. 2018ರಲ್ಲಿ ಬಿ.ಎಸ್ಸಿ ಮುಗಿಸಿ ನಾನೂ ಇದನ್ನೇ ಕೇಳಿಕೊಂಡು ಓಡಾಡಿದ್ದೆ. ಜೊತೆಗೆ ಓದಿದವನೊಬ್ಬ ಸುಮ್ನೆ ಬಿ.ಎಡ್‌ಗೆ ಸೇರಿದ. ನನಗೆ ಅದು ಸಪ್ಪೆ ಅನ್ನಿಸಿತು. ತುಮಕೂರಿನಿಂದ ಯಾದಗಿರಿಗೆ ಹೋದೆ.

ಅಲ್ಲಿ ಒಂದು ಸಣ್ಣ ಸಂಸ್ಥೆ. ಶಾಲೆ ಬಿಟ್ಟ ಮಕ್ಕಳನ್ನು ಮತ್ತೆ ಶಾಲೆಗೆ ಕರೆತರುವ ಕೆಲಸ. ಹತ್ತಿ ಬಿಡಿಸುವ ಕಾಲ ಬಂತೆಂದರೆ ಆರನೇ, ಏಳನೇ ಕ್ಲಾಸು ಅರ್ಧ ಖಾಲಿ. ಆಮೇಲೆ ಅಪ್ಪ ಅಮ್ಮ ಬೆಂಗಳೂರಿಗೆ ಗುಳೆ ಹೊರಟರೆ ಮಕ್ಕಳೂ ಜೊತೆಗೆ. ಬೆಳಿಗ್ಗೆ ಆರಕ್ಕೇ ಮನೆ ಮನೆ ತಿರುಗಬೇಕು, ಹೊತ್ತೇರಿದರೆ ಯಾರೂ ಸಿಗುವುದಿಲ್ಲ. ಮಧ್ಯಾಹ್ನ ಶಾಲೆಯ ಹಾಜರಿ ಪುಸ್ತಕ, ಸಂಜೆ ಎಸ್‌ಡಿಎಂಸಿ (ಶಾಲೆಯ ಪೋಷಕರ ಸಮಿತಿ) ಸಭೆ, ರಾತ್ರಿ ಫೋಟೋ ಸಮೇತ ರಿಪೋರ್ಟು. ಕೆಲಸ ಇಷ್ಟವಾಗಿತ್ತು. ಈಗಲೂ ಕನಸಿನಲ್ಲಿ ಆ ಓಣಿಗಳು ಬರುತ್ತವೆ.

ತಪ್ಪಾಗಿದ್ದು ಇಂಟರ್‌ವ್ಯೂ ದಿನ. "ಏನಾದ್ರೂ ಕೇಳೋದಿದೆಯಾ?" ಅಂದರು. ನಾನು ಕೇಳಿದ್ದು, ಬಾಡಿಗೆಗೆ ರೂಮು ಎಲ್ಲಿ ಸಿಗುತ್ತದೆ ಅಂತ. ಸಂಬಳ ಯಾರ ದುಡ್ಡು ಅಂತ ಕೇಳಲಿಲ್ಲ. ತಿಂಗಳಿಗೆ 14,000. ಅದನ್ನು ಗೌರವಧನ ಅನ್ನುತ್ತಿದ್ದರು. ನನ್ನ ವಿಷಯದಲ್ಲಿ ಗೌರವಧನ ಅಂದರೆ ಪಿ.ಎಫ್ ಇಲ್ಲ ಅಂತ ಅರ್ಥ, ಅದೂ ಆಮೇಲೆ ಗೊತ್ತಾಗಿದ್ದು. ಆರ್ಡರ್‌ನಲ್ಲಿ "ಯೋಜನೆಯ ಅವಧಿಯವರೆಗೆ" ಅಂತ ಸ್ಪಷ್ಟವಾಗಿ ಇತ್ತು. ಓದಿಯೇ ಸಹಿ ಹಾಕಿದ್ದೆ. ಆ ಅವಧಿ ಎಲ್ಲಿಯವರೆಗೆ ಅಂತ ಕೇಳಲು ನಾಚಿಕೆ. ಸೇವೆಗೆ ಬಂದವನು ದುಡ್ಡಿನ ಮಾತಾಡಿದರೆ ಏನಂದುಕೊಂಡಾರು ಅಂತ! ದುಡ್ಡು ವಿದೇಶದ್ದು. ನಮಗೆ ನೇರವಾಗಿಯೂ ಬರುತ್ತಿರಲಿಲ್ಲ, ದೊಡ್ಡ ಸಂಸ್ಥೆಯೊಂದು ತರಿಸಿಕೊಂಡು ನಮ್ಮಂಥ ಸಣ್ಣವರಿಗೆ ಹಂಚುತ್ತಿತ್ತು. 2020ರ ಸೆಪ್ಟೆಂಬರಿನಲ್ಲಿ ಎಫ್‌ಸಿಆರ್‌ಎ ಅನ್ನುವ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿ ಬಂತು. ಹಾಗೆ ಹಂಚುವುದೇ ಬಂದ್. ಕಾನೂನು ಬದಲಾಗುತ್ತದೆ ಅಂತ ಯಾರಿಂದಲೂ ಮೊದಲೇ ಹೇಳಲು ಆಗುತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ನನ್ನ ಸಂಬಳ ಎರಡು ಕೈ ದಾಟಿ ಬರುತ್ತಿದೆ, ವರ್ಷ ವರ್ಷ ಮಂಜೂರಾಗಬೇಕು ಅಂತ ಗೊತ್ತಿದ್ದಿದ್ದರೆ ಒಂದೇ ವರ್ಷ ಇದ್ದು ಬಿ.ಎಡ್‌ಗೆ ಹೋಗಿರುತ್ತಿದ್ದೆ.

ಎಲ್ಲಿಯವರೆಗೆ ಅನ್ನುವ ಆ ಪ್ರಶ್ನೆಯನ್ನು ಸುರಪುರದ ಹತ್ತಿರದ ಹಳ್ಳಿಯ ಒಬ್ಬ ತಾಯಿ ಮೊದಲ ತಿಂಗಳೇ ಕೇಳಿದ್ದರು. "ಎಷ್ಟ ದಿನ ಇರ್ತೀರ್ರಿ ಸರ?" ಇರ್ತೀನಮ್ಮ ಅಂದಿದ್ದೆ. ದಸರಾ ಮುಗಿಸಿ ಬರ್ತೀನಿ ಅಂತ ಹೇಳಿ ಊರಿಗೆ ಬಂದವನು ಮತ್ತೆ ಹೋಗಲೇ ಇಲ್ಲ.

2022ರಲ್ಲಿ ಆರರಿಂದ ಎಂಟನೇ ಕ್ಲಾಸಿಗೆ 15,000 ಪದವೀಧರ ಶಿಕ್ಷಕರ ಹುದ್ದೆ ಕರೆದರು. ಡಿಗ್ರಿ, ಬಿ.ಎಡ್‌ನಂಥ ಶಿಕ್ಷಕ ತರಬೇತಿ, ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಮೂರೂ ಬೇಕು. ನಾನಿನ್ನೂ ಬಿ.ಎಡ್ ಮೊದಲ ವರ್ಷದಲ್ಲಿದ್ದೆ. ಆ ಸಪ್ಪೆ ಗೆಳೆಯ ಇವತ್ತು ಮೇಷ್ಟ್ರು. ನಾನು ಟಿಇಟಿ ಪಾಸಾಗಿ ಅತಿಥಿ ಶಿಕ್ಷಕನಾಗಿದ್ದೇನೆ, ಬೇಸಿಗೆ ರಜೆಯಲ್ಲಿ ಕೈ ಖಾಲಿ.

ಸೇವೆ ಯಾವುದರಲ್ಲಿ ಜಾಸ್ತಿ ಅಂತ ಕೇಳಿದ್ದೀರಲ್ಲ, ಆ ಲೆಕ್ಕವೇ ಬೇಡ. ಮೂರೂ ಕೆಲಸಗಳೇ, ಸಂಬಳಕ್ಕೆ ಮಾಡುವಂಥವು. ಎಂಎಸ್‌ಡಬ್ಲ್ಯೂ ಬಗ್ಗೆ ನನ್ನದು ಸ್ವಲ್ಪ ಖಾರದ ಅಭಿಪ್ರಾಯ: ಒಂದು ವರ್ಷವಾದರೂ ಹಳ್ಳಿ ಸುತ್ತದೆ ಅದಕ್ಕೆ ಸೇರಬೇಡಿ. ಎನ್‌ಜಿಒಗೇ ಹೋಗುವುದಾದರೆ ಸಂಬಳ ಯಾರು ಕೊಡ್ತಾರೆ, ಎಲ್ಲಿವರೆಗೆ, ಪಿ.ಎಫ್ ಇದೆಯಾ ಅಂತ ಇಂಟರ್‌ವ್ಯೂನಲ್ಲೇ ಕೇಳಿ. ಕಂಪನಿಯ ಸಿಎಸ್‌ಆರ್ (ಸಮಾಜದ ಕೆಲಸಕ್ಕೆ ಕಂಪನಿಗಳು ಕೊಡುವ) ದುಡ್ಡಾದರೆ ಯೋಜನೆ ಎಷ್ಟನೇ ವರ್ಷ ನಡೀತಿದೆ ಅಂತಲೂ ಕೇಳಿ. ಒಂದು ಯೋಜನೆಗೆ ಶುರುವಾದ ವರ್ಷ ಬಿಟ್ಟು ಹೆಚ್ಚೆಂದರೆ ಮೂರು ವರ್ಷ ಅಂತ ಅದರ ನಿಯಮದಲ್ಲೇ ಮಿತಿ ಇದೆ.

ನನ್ನನ್ನು ಕೇಳಿದರೆ ಮೊದಲು ಬಿ.ಎಡ್. ಎರಡೇ ವರ್ಷ. ಬಿ.ಎಡ್ ಆದವರನ್ನು ಎನ್‌ಜಿಒದವರು ಬೇಡ ಅನ್ನುವುದಿಲ್ಲ. ಆದರೆ ಬಿ.ಎಡ್ ಇಲ್ಲದೆ ಬರೀ ಎನ್‌ಜಿಒ ಅನುಭವ ತೋರಿಸಿದರೆ ಸರ್ಕಾರಿ ಶಾಲೆಯ ನೇಮಕಾತಿಯಲ್ಲಿ ಅರ್ಜಿಯೇ ಹಾಕಲು ಬರುವುದಿಲ್ಲ.