ಕಾಸರಗೋಡಿನ ಶಾಲೆ, ಪೆಟ್ಟು ಮತ್ತು ನಮ್ಮ ಮೌನ

ಗಡಿನಾಡಿನವರೆಲ್ಲ ತಮ್ಮ ಕನ್ನಡ ಶಾಲೆಯ ಬಗ್ಗೆ ಅಷ್ಟು ಅಕ್ಕರೆಯಿಂದ ಮಾತಾಡುತ್ತೀರಲ್ಲ, ಅಲ್ಲಿ ಪೆಟ್ಟು ಇರಲಿಲ್ಲವೇ ಅಂತ ಕೇಳಿದಿರಿ. ಇತ್ತು. ಜಾಸ್ತಿಯೇ ಇತ್ತು. ಹೊರಗಿನವರ ಎದುರು ನಾವು ಅದನ್ನು ಹೇಳುವುದಿಲ್ಲ, ಅಷ್ಟೆ.

ನಮ್ಮ ಹಳ್ಳಿ ಇರುವುದು ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ, ಸ್ವಲ್ಪ ಒಳಗೆ. 1956ರ ನವೆಂಬರ್ 1ರಂದು ಕನ್ನಡಿಗರೆಲ್ಲ ಒಂದು ರಾಜ್ಯವಾದರು ಅಂತ ನೀವು ಹಬ್ಬ ಮಾಡುತ್ತೀರಿ. ಅದೇ ದಿನ ಕಾಸರಗೋಡು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಹೇಳಿತು. ಆ ಮಾತು ವರದಿಯಲ್ಲೇ ಉಳಿಯಿತು. ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ, 1984ರಲ್ಲಿ, ಕಣ್ಣೂರಿನಿಂದ ಬೇರೆಯಾಗಿ ಕಾಸರಗೋಡು ಜಿಲ್ಲೆಯಾಯಿತು. ಕಚೇರಿಯ ಕಾಗದ ಮಲಯಾಳದಲ್ಲಿ, ಬಸ್ಸಿನ ಬೋರ್ಡು ಮಲಯಾಳದಲ್ಲಿ. ಕನ್ನಡ ಅಂತ ಗಟ್ಟಿಯಾಗಿ ಉಳಿದದ್ದು ಶಾಲೆಯೊಂದರಲ್ಲೇ. ಹಾಗಾಗಿ ಶಾಲೆಯನ್ನು ದೂರುವುದೆಂದರೆ ಕನ್ನಡವನ್ನೇ ದೂರಿದ ಹಾಗೆ ಅಂತ ನಮ್ಮ ಹಿರಿಯರಿಗೆ ಅನಿಸುತ್ತಿತ್ತು. ಈಗಲೂ ಅನಿಸುತ್ತದೆ.

ಕೇರಳದಲ್ಲಿ ಶಾಲೆ ತೆರೆಯುವುದು ಜೂನ್ ಸುರುವಿಗೆ. ಮಳೆಗಾಲ ಸುರುವಾಗುವುದೂ ಆಗಲೇ. ತೋಡಿನ, ಅಂದರೆ ಸಣ್ಣ ಹಳ್ಳದ, ಆಚೆ ಬದಿಯ ಮಕ್ಕಳು ಅಡಿಕೆ ಮರದ ಸಂಕ (ಕಾಲುಸೇತುವೆ) ದಾಟಿ ಬರಬೇಕಿತ್ತು. ತೋಡು ತುಂಬಿದರೆ ಸಂಕ ಮುಳುಗುತ್ತಿತ್ತು. ನೀರು ಇಳಿಯುವವರೆಗೆ ಕಾದು, ಪುಸ್ತಕವನ್ನು ಅಂಗಿಯೊಳಗೆ ಇಟ್ಟುಕೊಂಡು, ಚಂಡಿಯಾಗಿ, ಅಂದರೆ ಒದ್ದೆಯಾಗಿ, ಬಂದ ಮಗುವಿಗೆ ಬಾಗಿಲಲ್ಲೇ ಕೈ ಚಾಚಲು ಹೇಳುತ್ತಿದ್ದರು. ಚಂಡಿ ಕೈಗೆ ಬಿದ್ದ ಪೆಟ್ಟು ಜಾಸ್ತಿ ಉರಿಯುತ್ತದೆ. ಶಾಲೆಯ ಪಕ್ಕದಲ್ಲೇ ಮನೆ ಇದ್ದವರು ಎಂದೂ ತಡವಾಗುತ್ತಿರಲಿಲ್ಲ, ಅವರಿಗೆ ಶಿಸ್ತಿನ ಮಕ್ಕಳು ಅಂತ ಹೆಸರು.

ಪೆಟ್ಟು ಬೀಳಲು ಇನ್ನೊಂದು ಕಾರಣ ಬೀಡಿ. ನಮ್ಮ ಕಡೆ ಎಷ್ಟೋ ಮನೆಗಳ ಒಲೆ ಉರಿದದ್ದು ತಾಯಂದಿರು ಬೀಡಿ ಕಟ್ಟಿ ತಂದ ಹಣದಿಂದ. ರಾತ್ರಿ ಚಿಮಿಣಿ ದೀಪದ ಎದುರು ಅಮ್ಮ ಬೀಡಿ ಕಟ್ಟಿದರೆ ಮಕ್ಕಳು ಎಲೆ ಕತ್ತರಿಸಿ ಕೊಡಬೇಕು. ಮರುದಿನ ಬ್ರಾಂಚಿಗೆ, ಅಂದರೆ ಕಟ್ಟಿದ ಬೀಡಿ ತೆಗೆದುಕೊಳ್ಳುವ ಅಂಗಡಿಗೆ, ಲೆಕ್ಕ ಒಪ್ಪಿಸಬೇಕಲ್ವಾ? ಹೋಂವರ್ಕ್ ಉಳಿಯುತ್ತಿತ್ತು. ಬೆಳಿಗ್ಗೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು, ಇಲ್ಲವೇ ಅಡಿಕೋಲಿನ ಅಂಚಿನಿಂದ ಬೆರಳ ಗಂಟಿಗೆ ಹೊಡೆಯುತ್ತಿದ್ದರು. ಯಾಕೆ ಬರೆಯಲಿಲ್ಲ ಅಂತ ಕೇಳುತ್ತಿದ್ದರು, ಉತ್ತರಕ್ಕೆ ಮಾತ್ರ ಕಾಯುತ್ತಿರಲಿಲ್ಲ.

ಇವೆರಡನ್ನು ಬಡತನದ ಕಾಲ ಅಂತ ಹೇಗೋ ನುಂಗಿಕೊಳ್ಳಬಹುದು. ನನಗೆ ಇಂದಿಗೂ ನುಂಗಲಾಗದ್ದು ತುಳುವಿಗೆ ಬಿದ್ದ ಪೆಟ್ಟು.

ನಮ್ಮ ಕ್ಲಾಸಿನ ಮಕ್ಕಳ ಮನೆಮಾತು ಒಂದೇ ಆಗಿರಲಿಲ್ಲ. ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕ ಕನ್ನಡ, ಎಲ್ಲವೂ ಇತ್ತು. ಶಾಲೆಯ ಗೇಟಿನೊಳಗೆ ಕನ್ನಡ ಮಾತ್ರ ಅಂತ ಕಟ್ಟಪ್ಪಣೆ. ಯಾರು ತುಳು ಮಾತಾಡಿದರು ಅಂತ ಕ್ಲಾಸ್ ಲೀಡರ್ ಹೆಸರು ಬರೆದಿಡುತ್ತಿದ್ದ. ಸಂಜೆ ಆ ಪಟ್ಟಿ ಮಾಸ್ಟ್ರ ಮೇಜಿಗೆ ಹೋಗುತ್ತಿತ್ತು. ಹೆಸರಿಗೊಂದು ಪೆಟ್ಟು. ಹೊಡೆಯುವ ಅಡರು, ಅಂದರೆ ಮರದ ಕಡ್ಡಿ, ತರುವ ಕೆಲಸವೂ ಪೆಟ್ಟು ತಿನ್ನುವವನದ್ದೇ. ಪೇರಳೆ ಮರದ ಅಡರು ಆಗಬೇಕು, ಸಪೂರ ಇದ್ದರೆ ವಾಪಸು ಕಳಿಸುತ್ತಿದ್ದರು.

ಒಂದನೇ ಕ್ಲಾಸಿನ ಒಬ್ಬ ಸಣ್ಣ ಹುಡುಗ ಕಿಟಕಿಯ ಹೊರಗೆ ನೋಡಿ ಖುಷಿಯಲ್ಲಿ "ಬರ್ಸ ಬತ್ತ್ಂಡ್!" ಅಂತ ಕೂಗಿದ. ಮಳೆ ಬಂತು ಅಂದ, ಅಷ್ಟೆ. ಕನ್ನಡದಲ್ಲಿ ಅದನ್ನು ಹೇಳಲು ಅವನಿಗೆ ಇನ್ನೂ ಬರುತ್ತಿರಲಿಲ್ಲ. ಕಾಲಿಗೆ ಎರಡು ಬಿತ್ತು. ಆ ವರ್ಷವಿಡೀ ಅವನು ಕ್ಲಾಸಿನಲ್ಲಿ ಬಾಯಿ ತೆರೆದದ್ದು ಕಡಿಮೆ. ಅವನಿಗೆ ಬುದ್ಧಿ ಮಂದ ಅಂತ ಎಲ್ಲರೂ ತೀರ್ಮಾನಿಸಿದರು. ಹವ್ಯಕ ಕನ್ನಡ ಆಡುವ ಮಕ್ಕಳು ತಪ್ಪಿದರೆ ತಿದ್ದುತ್ತಿದ್ದರು, ಹೊಡೆಯುತ್ತಿರಲಿಲ್ಲ. ಅದು ಆ ಮಕ್ಕಳ ತಪ್ಪೂ ಅಲ್ಲ. ಆದರೆ ಪುಸ್ತಕದ ಭಾಷೆಗೆ ಯಾರ ಮನೆ ಹತ್ತಿರವೋ ಅವರಿಗೆ ಕ್ಷಮೆ, ಯಾರ ಮನೆ ದೂರವೋ ಅವರಿಗೆ ಬೆತ್ತ ಅನ್ನುವುದು ಆ ವಯಸ್ಸಿನಲ್ಲೇ ನಮಗೆ ಗೊತ್ತಾಗಿತ್ತು.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ಕೊಡಬೇಕು ಅಂತ ಸಂವಿಧಾನದ 350ಎ ವಿಧಿ ಹೇಳುತ್ತದೆ. ಅದು ಸೇರಿದ್ದೂ 1956ರಲ್ಲೇ, ರಾಜ್ಯಗಳನ್ನು ಹೊಸದಾಗಿ ಹಂಚಿದ ತಿದ್ದುಪಡಿಯಲ್ಲಿ. ಕೇರಳದಲ್ಲಿ ನಮ್ಮ ಕನ್ನಡ ಶಾಲೆಗಳಿಗೆ ದೊಡ್ಡ ಆಸರೆ ಅದು. ಮಾತೃಭಾಷೆಯ ಹೆಸರಿನಲ್ಲಿ ಉಳಿದ ಶಾಲೆಯೊಳಗೇ ಮಗು ತನ್ನ ಅಮ್ಮನ ಮಾತಿಗೆ ಪೆಟ್ಟು ತಿಂದದ್ದು ಅನ್ಯಾಯವಲ್ಲದೆ ಇನ್ನೇನು?

ಕನ್ನಡ ಕಲಿಸಲು ಪೆಟ್ಟು ಬೇಕಿರಲಿಲ್ಲ ಅನ್ನುವುದಕ್ಕೆ ನಮ್ಮ ಶಾಲೆಯಲ್ಲೇ ಸಾಕ್ಷಿ ಇತ್ತು. ಒಬ್ಬರು ಟೀಚರ್ ಬೆತ್ತ ಮುಟ್ಟುತ್ತಿರಲಿಲ್ಲ. ಭಾಗಾಕಾರವನ್ನು ಮೊದಲು ತುಳುವಿನಲ್ಲಿ ಹೇಳಿ, ಆಮೇಲೆ ಕನ್ನಡದಲ್ಲಿ ಬರೆಸುತ್ತಿದ್ದರು. ಮಲಯಾಳದ ಮಕ್ಕಳಿಗೆ ಮಲಯಾಳದಲ್ಲೂ ಹೇಳುತ್ತಿದ್ದರು. ಅವರ ಕ್ಲಾಸಿನಲ್ಲಿ ಆ ಮಳೆಯ ಹುಡುಗನೂ ಕೈ ಎತ್ತುತ್ತಿದ್ದ.

ಮನೆಯಲ್ಲಿ ದೂರು ಹೇಳಿ ಪ್ರಯೋಜನ ಇರಲಿಲ್ಲ. "ಛಡಿ ಚಂ ಚಂ, ವಿದ್ಯೆ ಘಂ ಘಂ" ಅನ್ನುವುದನ್ನು ನಂಬಿದ ಕಾಲ. ಅಪ್ಪಂದಿರು ಶಾಲೆಗೆ ಬಂದರೆ "ಕಣ್ಣೊಂದು ಬಿಟ್ಟು ಎಲ್ಲಿ ಬೇಕಾದರೂ ಕೊಡಿ ಮಾಸ್ಟ್ರೇ" ಅಂತ ಹೇಳಿ ಹೋಗುತ್ತಿದ್ದರು. ಪೆಟ್ಟು ತಿಂದದ್ದು ಗೊತ್ತಾದರೆ ಮನೆಯಲ್ಲಿ ಇನ್ನೊಂದು ಸುತ್ತು.

ಈಗ ಕಾನೂನು ಇದೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ಹೊಡೆಯುವುದನ್ನೂ ಮಾನಸಿಕ ಹಿಂಸೆ ಕೊಡುವುದನ್ನೂ ನಿಷೇಧಿಸುತ್ತದೆ. ಇಲ್ಲಿ ಬೆತ್ತ ಬಹಳ ಮಟ್ಟಿಗೆ ಹೋಗಿದೆ. ಹೆತ್ತವರು ಪ್ರಶ್ನೆ ಕೇಳುತ್ತಾರೆ, ಅದು ಒಳ್ಳೆಯದೇ.

ಆದರೆ ಇನ್ನೊಂದು ಸಂಗತಿ ನೀವು ಪತ್ರಿಕೆಯಲ್ಲಿ ಓದಿರಬಹುದು. ಇಲ್ಲಿನ ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡ ಬಾರದ ಅಧ್ಯಾಪಕರನ್ನು ನೇಮಿಸುವುದು, ಮಕ್ಕಳೂ ಹೆತ್ತವರೂ ಪ್ರತಿಭಟನೆಗೆ ಕೂರುವುದು ಮತ್ತೆ ಮತ್ತೆ ನಡೆದಿದೆ. ಟೀಚರ್ ಹೇಳುವುದು ಮಗುವಿಗೆ ಅರ್ಥವಾಗುವುದಿಲ್ಲ, ಮಗು ಕೇಳುವುದು ಟೀಚರಿಗೆ ಅರ್ಥವಾಗುವುದಿಲ್ಲ. ಕೊನೆಗೆ ಅಂಕ ಕಡಿಮೆಯಾದರೆ ದೂರು ಬರುವುದು ಮಗುವಿನ ಮೇಲೆಯೇ. ಆ ಹೋರಾಟದಲ್ಲಿ ನಾನೂ ಇದ್ದೇನೆ. ಆದರೆ ಮಗುವಿಗೆ ತಿಳಿಯುವ ಮಾತಿನಲ್ಲಿ ಪಾಠ ಹೇಳಿ ಅಂತ ಸರಕಾರವನ್ನು ಕೇಳುವಾಗ, ತುಳುವಿನ ಮಗುವಿಗೆ ನಾವು ಏನು ಮಾಡಿದೆವು ಅನ್ನುವುದನ್ನೂ ಅದೇ ಸಭೆಯಲ್ಲಿ ಹೇಳುತ್ತೇನೆ. ಕೆಲವು ಹಿರಿಯರಿಗೆ ಸಿಟ್ಟು ಬರುತ್ತದೆ. ಒಂದಿಬ್ಬರು ನಿವೃತ್ತ ಮಾಸ್ಟ್ರುಗಳು ಮಾತ್ರ ಎದ್ದು ನಿಂತು, ಹೌದು, ಹಾಗೆ ನಡೆದದ್ದು ನಿಜ ಅಂತ ಹೇಳಿದ್ದಾರೆ.