ಸಾವಿನ ಮನೆಗೆ ಫಾರಂ ಹಿಡಿದು ಹೋಗಬೇಕಾ?

ಕೊಡಗಿನ ಸಿದ್ದಾಪುರದ ತೋಟದ ಮಾಲೀಕರೊಬ್ಬರು ಬರೆದಿದ್ದಾರೆ: 'ನಮ್ಮ ತೋಟದ ಕೂಲಿಯವರ ಲೈನ್ ಮನೆಯಲ್ಲಿ ಹಸುಗೂಸೊಂದು ತೀರಿಕೊಂಡಿತು. ಆಮೇಲೆ ಆರೋಗ್ಯ ಇಲಾಖೆಯವರು ಬಂದು ತಾಯಿಯ ಹತ್ತಿರ ಪುಟಗಟ್ಟಲೆ ಪ್ರಶ್ನೆ ಕೇಳಿದರು. ಗಾಯ ಕೆದಕುವ ಈ ಲೆಕ್ಕ ಯಾರಿಗೆ ಬೇಕು?'

ಕೂಲಿಯವರ ದುಃಖ ಕಂಡು ಪತ್ರ ಬರೆಯುವ ಮಾಲೀಕರು ಎಷ್ಟು ಮಂದಿ? ನಿಮ್ಮ ಮರುಕ ದೊಡ್ಡದು. ಕೇಳುವವರೂ ಹೊತ್ತುಗೊತ್ತು ನೋಡಿ ಕೇಳಬೇಕು, ಒಪ್ಪಿದೆ. ಆದರೆ ಲೆಕ್ಕವೇ ಬೇಡ ಅಂದರೆ ಹೇಗೆ ಸ್ವಾಮಿ?

ಹುಟ್ಟುವಾಗ ತೂಕ ಎಷ್ಟಿತ್ತು, ತಕ್ಷಣ ಅತ್ತಿತಾ, ಹಾಲು ಕುಡಿಯುವುದನ್ನು ಯಾವಾಗ ಬಿಟ್ಟಿತು, ಆಸ್ಪತ್ರೆಗೆ ಗಾಡಿ ಸಿಕ್ಕಿತಾ. ಇವು ಸುಮ್ನೆ ಕೇಳುವ ಪ್ರಶ್ನೆಗಳಲ್ಲ. ಮನೆಯಲ್ಲಿ ಸತ್ತ ಮಗುವಿಗೆ ಏನಾಗಿತ್ತು ಎಂದು ತಿಳಿಯಲು ಇರುವ ದಾರಿ ಇದು. ಜೀಪ್ ಸಿಗದೆ ಹೋದ ಜೀವಕ್ಕೆ ಔಷಧಿ ಜಾಸ್ತಿ ತರಿಸಿದರೆ ಏನು ಬಂತು?

ಮಹಾರಾಷ್ಟ್ರದ ಗಡ್ಚಿರೋಲಿಯಲ್ಲಿ ಅಭಯ್ ಬಂಗ್, ರಾಣಿ ಬಂಗ್ ಎಂಬ ವೈದ್ಯ ದಂಪತಿ ಹಳ್ಳಿ ಹಳ್ಳಿಯ ಮಕ್ಕಳ ಸಾವನ್ನು ಎಣಿಸಿದರು. ಹಳ್ಳಿಯ ಹೆಂಗಸರಿಗೇ ಕೂಸಿನ ಆರೈಕೆ ಕಲಿಸಿದರು. ನವಜಾತ ಶಿಶುಗಳ ಸಾವು ಅರ್ಧಕ್ಕಿಂತ ಜಾಸ್ತಿ ಇಳಿಯಿತು ಎಂದು 1999ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಇವತ್ತು ಆಶಾ ಕಾರ್ಯಕರ್ತೆ 3, 7, 14 ಎಂದು ದಿನ ನೋಡಿ ಬಾಣಂತಿ ಮನೆಗೆ ಹೋಗುತ್ತಾರಲ್ಲ, ಅದರ ಬೇರು ಅಲ್ಲಿದೆ.

2020ರಲ್ಲಿ ಸಾವಿರ ಜನನಕ್ಕೆ ದೇಶದಲ್ಲಿ 28 ಶಿಶುಗಳು ಸತ್ತರೆ ಕರ್ನಾಟಕದಲ್ಲಿ 19. ಬೆನ್ನು ತಟ್ಟಿಕೊಂಡೆವು. ಅದು ಮಾದರಿ ಸಮೀಕ್ಷೆಯಿಂದ ಬಂದ ರಾಜ್ಯದ ಸರಾಸರಿ. ನಾಗರಹೊಳೆ ಅಂಚಿನ ಜೇನುಕುರುಬರ ಹಾಡಿ ಅದರಲ್ಲಿ ಎಲ್ಲಿ ಕಾಣುತ್ತದೆ? ಅಸ್ಸಾಂನಿಂದ ಬಂದ ಕೂಲಿಯವರ ಕೂಸು ಇಲ್ಲಿ ಸತ್ತು, ಅವರು ಮುಂದಿನ ತೋಟಕ್ಕೆ ಹೋದರೆ ಕೇಳುವವರು ಯಾರು? ಹುಟ್ಟಿ ಉಸಿರೆಳೆದ ಮಗುವನ್ನೂ 'ಸತ್ತೇ ಹುಟ್ಟಿತ್ತು' ಎಂದು ಬರೆದರೆ ಶಿಶು ಮರಣದ ಪಟ್ಟಿಯಿಂದಲೇ ಹೊರಗೆ.

ನಮ್ಮವರು ಅಜ್ಜನ ಕಾಲದ ಮಳೆಯನ್ನೂ ಇಂಚು, ಸೆಂಟ್ ಸಮೇತ ಹೇಳುತ್ತಾರೆ. ಕಾಡಿನ ಆನೆಗೂ ಗಣತಿ ಇದೆ. ಲೈನ್‌ನಲ್ಲಿ ಎಷ್ಟು ಮಕ್ಕಳಿಗೆ ಐದು ತುಂಬಲಿಲ್ಲ ಎಂದು ಕೇಳಿ ನೋಡಿ, ಮುಖ ಮುಖ ನೋಡುತ್ತಾರೆ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. 1969ರ ಜನನ ಮರಣ ನೋಂದಣಿ ಕಾಯ್ದೆಯ 9ನೇ ಸೆಕ್ಷನ್ ಓದಿ. ನಾಲ್ಕು ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡ ಕಾಫಿ, ಮೆಣಸಿನ ತೋಟದೊಳಗಿನ ಹುಟ್ಟು ಸಾವಿನ ಮಾಹಿತಿ ಕೊಡಬೇಕಾದವರು ತೋಟ ನೋಡಿಕೊಳ್ಳುವವರೇ. ಇದಕ್ಕೆ 21 ದಿನ ಗಡುವು. ಆ ಕೂಸಿನ ಹುಟ್ಟು, ಸಾವು ಎರಡೂ ನೋಂದಣಿ ಆಗಿದೆಯಾ ಎಂದು ನಿಮ್ಮ ತೋಟದ ಲೆಕ್ಕ ಬರೆಯುವ ರೈಟರನ್ನು ಕೇಳಿ, ನಮಗೂ ತಿಳಿಸಿ.

-ಸಂ.